ಐದು ಜನ ಕೂತು ಒಂದು ಹಾಡು ಕಟ್ಟುವುದು ಹೇಗೆ?

ಪ್ರಶ್ನೆ: ನಾವು ಧಾರವಾಡದ ಐವರು ಗೆಳೆಯರು. ಮೂರು ವರ್ಷದಿಂದ ಬ್ಯಾಂಡ್ ಕಟ್ಟಿಕೊಂಡು ಬೇರೆಯವರ ಹಾಡು ನುಡಿಸುತ್ತಿದ್ದೇವೆ. ಎರಡು ಗಿಟಾರ್, ಒಂದು ಬೇಸ್, ಡ್ರಮ್ಸ್, ಒಬ್ಬ ಗಾಯಕ. ಡ್ರಮ್ಸ್ ಬಾರಿಸುವವನು ಚಿಕ್ಕಂದಿನಲ್ಲಿ ತಬಲಾ ಕಲಿತವನು. ಈಗ ನಮ್ಮದೇ ಕನ್ನಡ ಹಾಡು ಮಾಡಬೇಕು ಅಂತ ಪ್ರತಿ ಭಾನುವಾರ ಕೂರುತ್ತೇವೆ. ಮೊಬೈಲ್‌ನಲ್ಲಿ ಮೂವತ್ತಕ್ಕೂ ಜಾಸ್ತಿ ತುಣುಕುಗಳು ಬಿದ್ದಿವೆ, ಒಂದೂ ಪೂರ್ತಿ ಹಾಡಾಗಿಲ್ಲ. ಸಾಹಿತ್ಯ ಮೊದಲೋ, ರಾಗ ಮೊದಲೋ? ಐದು ಜನರ ಮಾತು ಒಂದಾಗುವುದು ಹೇಗೆ? ಕೊನೆಗೆ ಹೆಸರು ಯಾರದ್ದು ಹಾಕಬೇಕು? ಹಾಡು ಮುಗಿಯಿತು ಅಂತ ಗೊತ್ತಾಗುವುದಾದರೂ ಹೇಗೆ?

ಉತ್ತರ: ಮೂವತ್ತು ತುಣುಕು ಇವೆ ಅಂದಿರಲ್ಲ, ಅದನ್ನು ಓದಿ ನನಗೆ ಖುಷಿಯಾಯಿತು. ನಿಮ್ಮಲ್ಲಿ ಸರಕಿದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರಿನ ಬ್ಯಾಂಡ್‌ಗಳಲ್ಲಿ ಬೇಸ್ ನುಡಿಸಿದ್ದೇನೆ, ಈಗ ಹೊಸ ಹುಡುಗ ಹುಡುಗಿಯರ ತಂಡಗಳಿಗೆ ಹಾಡು ಹೊಂದಿಸಿಕೊಡುತ್ತೇನೆ. ಹೆಚ್ಚಿನ ತಂಡಗಳು ನಿಮ್ಮ ಹಾಗೇ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತವೆ. ಐದೂ ಜನ ವಾದ್ಯ ಹಿಡಿದು, ಆಂಪ್ಲಿಫೈಯರ್ ಹಾಕಿಕೊಂಡು, ಏನೂ ಇಲ್ಲದ ಕಡೆಯಿಂದ ಶುರು ಮಾಡುತ್ತಾರೆ. ಒಬ್ಬ ಒಂದು ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ತೆಗೆಯುತ್ತಾನೆ, ಇನ್ನೊಬ್ಬ ಅದರ ಮೇಲೆ ಮತ್ತೊಂದು ಹಾಕುತ್ತಾನೆ. ಕೋಣೆ ತುಂಬ ಸದ್ದು ತುಂಬಿಕೊಳ್ಳುತ್ತದೆ. ಆದರೆ ಯಾವುದರ ಸುತ್ತ ಸೇರಬೇಕು ಅನ್ನುವುದೇ ಅಲ್ಲಿ ಇರುವುದಿಲ್ಲ.

ನಮ್ಮ ಕಡೆ ಬೀಸುವಾಗ, ಕುಟ್ಟುವಾಗ ಹೆಂಗಸರು ಹಾಡುತ್ತಿದ್ದದ್ದನ್ನು ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಒಬ್ಬರು ಸೊಲ್ಲು ಎತ್ತುತ್ತಾರೆ, ಇನ್ನೊಬ್ಬರು ಅದನ್ನೇ ಹಿಡಿದು ಮುಂದೆ ಒಯ್ಯುತ್ತಾರೆ. ಸೊಲ್ಲು ಇಲ್ಲದೆ ಎರಡನೆಯವರಿಗೆ ಕೆಲಸವೇ ಇಲ್ಲ. ಬ್ಯಾಂಡಿಗೂ ಇದೇ ಅನ್ವಯ. ಮೊದಲು ಒಂದು ಸೊಲ್ಲು ಸಿಗಬೇಕು. ಒಂದೇ ಸಾಲು ಸಾಕು. ಆ ಸಾಲಿಗೆ ಅದರದೇ ಮಾತು, ಅದರದೇ ನಡೆ ಇರಬೇಕು. ಉಳಿದ ನಾಲ್ವರು ಏನು ನುಡಿಸಿದರೂ ಆ ಸಾಲಿಗೆ ಒಳ್ಳೆಯದಾಯಿತೇ ಅಂತ ಮಾತ್ರ ನೋಡಬೇಕು. ನನ್ನ ಇಡೀ ಉತ್ತರದಲ್ಲಿ ಇದೊಂದನ್ನು ಬಿಟ್ಟು ಬೇರೇನೂ ನೆನಪಿಟ್ಟುಕೊಳ್ಳದಿದ್ದರೂ ಪರವಾಗಿಲ್ಲ.

ಹಾಗಾಗಿ ಸಾಹಿತ್ಯ ಮೊದಲೋ ರಾಗ ಮೊದಲೋ ಅನ್ನುವ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡೋಣ. 1969ರ ಜನವರಿಯಲ್ಲಿ ಬೀಟಲ್ಸ್ ತಂಡ ಲಂಡನ್ನಿನಲ್ಲಿ ಹೊಸ ಹಾಡುಗಳನ್ನು ಕಟ್ಟುತ್ತಿದ್ದಾಗ ಪಕ್ಕದಲ್ಲೇ ಕ್ಯಾಮೆರಾ ಇತ್ತು. ಆ ದೃಶ್ಯಗಳು 2021ರಲ್ಲಿ ಪೀಟರ್ ಜಾಕ್ಸನ್ ಅವರ ಸಾಕ್ಷ್ಯಚಿತ್ರದಲ್ಲಿ ಹೊರಬಂದವು. ಸಾಧ್ಯವಾದರೆ ಐದೂ ಜನ ಒಟ್ಟಿಗೆ ಕೂತು ನೋಡಿ. ತಂಡದ ಲೆನನ್ ಇನ್ನೂ ಬಂದಿರುವುದಿಲ್ಲ. ಮೆಕಾರ್ಟ್ನಿ ಬೇಸನ್ನು ಮಾಮೂಲಿ ಗಿಟಾರಿನಂತೆ ಜೋರಾಗಿ ಬಾರಿಸುತ್ತಾ ಅರ್ಥವಿಲ್ಲದ ಶಬ್ದಗಳನ್ನು ಹಾಡುತ್ತಿರುತ್ತಾರೆ. ಹ್ಯಾರಿಸನ್ ಎದುರಿಗೆ ಕೂತು ಆಕಳಿಸುತ್ತಾರೆ. ಕೆಲವೇ ನಿಮಿಷದಲ್ಲಿ ಆ ಗದ್ದಲದೊಳಗಿಂದ ‘ಗೆಟ್ ಬ್ಯಾಕ್’ ಹಾಡಿನ ಸೊಲ್ಲು ಮೇಲೆ ಬರುತ್ತದೆ. ಆಕಳಿಸುತ್ತಿದ್ದವರೂ ಗಿಟಾರ್ ಎತ್ತಿಕೊಳ್ಳುತ್ತಾರೆ. ಸೊಲ್ಲು ಸಿಕ್ಕಿದ್ದು ನಿಮಿಷಗಳಲ್ಲಿ, ಆದರೆ ಹಾಡು ಗಟ್ಟಿಯಾಗಲು ಮೂರು ವಾರ ಹಿಡಿಯಿತು. ನಡುವೆ ಬ್ರಿಟನ್ನಿನ ವಲಸಿಗರ ವಿವಾದದ ಬಗ್ಗೆ ಸಾಲುಗಳನ್ನು ಹಾಕಿ ನೋಡಿ, ಕೈಬಿಟ್ಟರು. ಹೊರಗಿನ ವಾದಕ ಬಿಲ್ಲಿ ಪ್ರೆಸ್ಟನ್ ಎಲೆಕ್ಟ್ರಿಕ್ ಪಿಯಾನೋಗೆ ಬಂದು ಕೂತರು. ವಿಷಯ ಬದಲಾಯಿತು, ಜನ ಹೆಚ್ಚಾದರು, ಆದರೆ ಮೊದಲ ದಿನದ ಆ ಸೊಲ್ಲು ಮತ್ತು ಅದರ ಓಟ ಹಾಗೇ ಉಳಿಯಿತು.

ಅರ್ಥವಿಲ್ಲದ ಶಬ್ದ ಹಾಕಿ ಹಾಡಿಕೊಳ್ಳುವುದು ಒಳ್ಳೆಯ ದಾರಿ. ಆದರೆ ಕನ್ನಡಕ್ಕೆ ಹಾಡು ಮಾಡುವವರು ಒಂದು ಎಚ್ಚರ ವಹಿಸಬೇಕು. ನೀವು ಮೂರು ವರ್ಷ ಇಂಗ್ಲಿಷ್, ಹಿಂದಿ ಹಾಡು ನುಡಿಸಿದವರು. ಬಾಯಿಗೆ ತಾನಾಗಿ ಬರುವುದು ಇಂಗ್ಲಿಷಿನಂಥ ಶಬ್ದ. ಇಂಗ್ಲಿಷಿನ ಮಾತುಗಳು ಗಿಡ್ಡ, ವ್ಯಂಜನದಲ್ಲಿ ಟಕ್ ಅಂತ ನಿಲ್ಲುತ್ತವೆ. ನಮ್ಮ ಮಾತುಗಳಿಗೆ ಮೂರು ನಾಲ್ಕು ಅಕ್ಷರ, ಹೆಚ್ಚಿನವು ಸ್ವರದಲ್ಲೇ ಮುಗಿಯುತ್ತವೆ. ಇಂಗ್ಲಿಷ್ ಶಬ್ದಕ್ಕೆ ಅಂತ ಅಳತೆ ತೆಗೆದ ಅಂಗಿಗೆ ಆಮೇಲೆ ಕನ್ನಡ ತೂರಿಸಲು ಹೋದರೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಸುಳ್ಳು ಸಾಹಿತ್ಯವೂ ಕನ್ನಡದ್ದೇ ಇರಲಿ. ನಾನು ಊರ ಹೆಸರುಗಳನ್ನು ಹಾಡಿಸುತ್ತೇನೆ. ನಿಮಗಾದರೆ ನವಲಗುಂದ, ಅಣ್ಣಿಗೇರಿ, ಕಲಘಟಗಿ, ಅಮ್ಮಿನಭಾವಿ. ಬಸ್ಸಿನ ಬೋರ್ಡ್ ಓದಿದ ಹಾಗೆ ಹಾಡಿಕೊಳ್ಳಿ. ರಾಗಕ್ಕೆ ಮೊದಲ ದಿನದಿಂದಲೇ ಕನ್ನಡದ ನಡಿಗೆ ಬರುತ್ತದೆ.

ಈಗ ಒಂದು ಹಾಡು ಹೇಗೆ ಬೆಳೆಯಿತು ಅಂತ ಪೂರ್ತಿ ಹೇಳುತ್ತೇನೆ. ಬೆಂಗಳೂರಿನ ಒಂದು ಹೊಸ ತಂಡ. ಗಾಯಕಿಯ ನೋಟ್‌ಬುಕ್ಕಿನಲ್ಲಿ ಒಂದು ಸಾಲಿತ್ತು: ‘ರಾತ್ರಿ ಹನ್ನೊಂದಕ್ಕೆ ಮೆಜೆಸ್ಟಿಕ್‌ನಲ್ಲಿ ಊರಿನ ಕೊನೆಯ ಬಸ್ಸಿಗಾಗಿ ಕಾಯುತ್ತಾ ಕುಳಿತಿದ್ದೆ.’ ಗಿಟಾರಿನವನ ಹತ್ತಿರ 4/4ರಲ್ಲಿ, ಅಂದರೆ ಸುತ್ತಿಗೆ ನಾಲ್ಕು ಎಣಿಕೆಯ ತಾಲದಲ್ಲಿ, ಒಂದು ಚಂದದ ರಿಫ್ ಇತ್ತು. ಮೂರು ವಾರ ಆ ಸಾಲನ್ನು ಆ ರಿಫ್‌ಗೆ ಕೂರಿಸಲು ಒದ್ದಾಡಿದ್ದರು. ನಾನು ಹೋದ ದಿನ ಎಲ್ಲರಿಗೂ ವಾದ್ಯ ಕೆಳಗಿಡಿ ಅಂದೆ. ಆ ಹುಡುಗಿಗೆ ತೊಡೆ ತಟ್ಟಿಕೊಂಡು ಸುಮ್ನೆ ಮಾತಿನಲ್ಲಿ ಹೇಳು ಅಂದೆ. ಹಾಡಬೇಡ, ಹೇಳು. ಮೊದಲ ಸಲ ಉದ್ದ ಆಯಿತು. ಎರಡನೇ ಸಲ ‘ರಾತ್ರಿ ಹನ್ನೊಂದಕ್ಕೆ’ ಬಿದ್ದುಹೋಯಿತು, ಕೊನೆಯ ಬಸ್ಸು ಅಂದ ಮೇಲೆ ರಾತ್ರಿ ಅಂತ ಬೇರೆ ಹೇಳಬೇಕಿಲ್ಲ. ಮೂರನೇ ಸಲ ‘ಮೆಜೆಸ್ಟಿಕ್’ ಹೋಯಿತು. ನಾಲ್ಕನೇ ಸಲ ಅವಳ ಬಾಯಿಂದ ಬಂದದ್ದು: ‘ಕೊನೆಯ ಬಸ್ಸಿಗೆ ಕಾದು ಕುಳಿತೆನು.’

ಇದನ್ನು ಬರೆದು ಪ್ರಸ್ತಾರ ಹಾಕಿ ನೋಡಿ. ಹೈಸ್ಕೂಲಿನಲ್ಲಿ ಕಲಿತದ್ದು ಮರೆತಿರಲಾರಿರಿ. ಹ್ರಸ್ವಕ್ಕೆ ಒಂದು ಮಾತ್ರೆ. ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನದಕ್ಕೂ, ಸೊನ್ನೆ ಇರುವುದಕ್ಕೂ ಎರಡು. ‘ಕೊನೆಯ’ ಮೂರು. ‘ಬಸ್ಸಿಗೆ’ ನಾಲ್ಕು. ‘ಕಾದು’ ಮೂರು. ‘ಕುಳಿತೆನು’ ನಾಲ್ಕು. ಮೂರು, ನಾಲ್ಕು, ಮೂರು, ನಾಲ್ಕು. ಒಟ್ಟು 14. ಇದು ಭಾಮಿನಿ ಷಟ್ಪದಿಯ ಮೊದಲ ಸಾಲಿನ ಅಳತೆ. ನಿಮ್ಮ ಪಕ್ಕದ ಗದಗಿನ ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನು ಹೇಳಿದ್ದು ಇದೇ ನಡೆಯಲ್ಲಿ. ಆ ಹುಡುಗಿ ಅದನ್ನೆಲ್ಲ ಯೋಚಿಸಿರಲಿಲ್ಲ. ಮಾತು ತನ್ನಷ್ಟಕ್ಕೆ ಅಲ್ಲಿಗೆ ಹೋಗಿ ಕೂತಿತು, ಏಕೆಂದರೆ ಕನ್ನಡಕ್ಕೆ ಆ ನಡೆ ನೂರಾರು ವರ್ಷದಿಂದ ಅಭ್ಯಾಸ.

ನಾಲ್ಕು ಎಣಿಕೆಗೆ ಎರಡೆರಡು ಮಾತ್ರೆಯಂತೆ ರಿಫ್ ಇದ್ದದ್ದು ಎಂಟರ ಲೆಕ್ಕದಲ್ಲಿ, ಸಾಲು ಇದ್ದದ್ದು ಏಳರ ಲೆಕ್ಕದಲ್ಲಿ. ಜಗಳ ಇದ್ದದ್ದು ಇಲ್ಲೇ. ಎಂಟು ತುಂಬಿಸಲು ಅವಳು ‘ಕೊನೆಯಾ’ ಅಂತ ಎಳೆಯುತ್ತಿದ್ದಳು. ಪದದ ಕೊನೆಯಲ್ಲಿ ಎಳೆದರೆ ಹೇಗೋ ನಡೆಯುತ್ತದೆ, ನಮ್ಮ ಜನಪದ ಹಾಡಿನಲ್ಲೂ ಎಳೆಯುತ್ತಾರೆ. ಪದದ ನಡುವೆ ಎಳೆದರೆ ಮಾತ್ರ ಕೆಟ್ಟಿತು. ‘ಬಳೆ’ಯನ್ನು ಎಳೆದರೆ ‘ಬಾಳೆ’ ಆಗುತ್ತದೆ. ‘ಕರು’ ಹೋಗಿ ‘ಕಾರು’ ಬರುತ್ತದೆ. ‘ಬಿಡು’ ಅಂದದ್ದು ‘ಬೀಡು’ ಅಂತ ಕೇಳುತ್ತದೆ. ಕೇಳುವವರಿಗೆ ಮಾತು ಹಿಡಿಯಲು ಒಂದು ಕ್ಷಣ ತಡವಾದರೂ ಸಾಲು ಕೈತಪ್ಪಿತು. ಈಚೆಗೆ ಬರುವ ಎಷ್ಟೋ ಕನ್ನಡ ರಾಕ್ ಹಾಡುಗಳಲ್ಲಿ ವಾದ್ಯ ಚೆನ್ನಾಗಿದ್ದೂ ಮಾತು ಅರ್ಥವಾಗದಿರುವುದಕ್ಕೆ ಇದೇ ಕಾರಣ ಅಂತ ನನ್ನ ನಂಬಿಕೆ. ಮಿಕ್ಸಿಂಗ್ ಸರಿಯಿಲ್ಲ ಅಂತ ಸೌಂಡ್ ಎಂಜಿನಿಯರನ್ನು ಬೈಯುತ್ತೇವೆ. ತಪ್ಪು ಮೊದಲ ದಿನವೇ ಆಗಿರುತ್ತದೆ.

ಎಲ್ಲ ಹಾಡೂ ಏಳರಲ್ಲೇ ಇರಬೇಕು ಅಂತ ಹೇಳುತ್ತಿಲ್ಲ. ‘ಮಳೆಯಲಿ ನೆನೆಯುವ ಹಂಚಿನ ಮನೆಯಲಿ’ ಅಂತ ಸಾಲು ಬಂದರೆ ಅದು ನಾಲ್ಕು ನಾಲ್ಕರ ಗಣ, 4/4ಗೆ ಸೀದಾ ಕೂರುತ್ತದೆ. ‘ಬಾಗಿಲನು ತೆರೆದಿಟ್ಟು’ ಅಂದರೆ ಐದು ಐದು, ಅದಕ್ಕೆ ಹತ್ತು ಮಾತ್ರೆಯ ಝಪ್ತಾಲ ಕೇಳಿದ ಕಿವಿ ಬೇಕು. ಸಾಲು ಯಾವ ಅಳತೆ ಕೇಳುತ್ತದೋ ಅದನ್ನು ಕೊಡಿ. ರಿಫ್ ಎಷ್ಟೇ ಚೆನ್ನಾಗಿರಲಿ, ಹೊಂದದಿದ್ದರೆ ಎತ್ತಿಟ್ಟು ಇನ್ನೊಂದು ಹಾಡಿಗೆ ಬಳಸಿ. ಆ ತಂಡದ ಗಿಟಾರಿನವನಿಗೆ ಅವತ್ತು ಬೇಜಾರಾಯಿತು, ಮುಖದಲ್ಲೇ ಕಾಣುತ್ತಿತ್ತು. ಆರು ತಿಂಗಳ ಮೇಲೆ ಅದೇ ರಿಫ್ ಬೇರೆ ಹಾಡಿಗೆ ಬೆನ್ನೆಲುಬಾಯಿತು.

ಮತ್ತೆ ಆ ಸಾಲಿಗೆ ಬರೋಣ. ತಂಡದ ಒಬ್ಬ ಹುಡುಗ ‘ಕುಳಿತೆನು ಅಂದರೆ ಪಠ್ಯಪುಸ್ತಕದ ಪದ್ಯದ ಹಾಗೆ ಕೇಳುತ್ತೆ, ನಾವ್ಯಾರೂ ಹಾಗೆ ಮಾತಾಡಲ್ಲ’ ಅಂದ. ಅವನ ಮಾತು ಸರಿ. ‘ಕೂತೆ’ ಅಂತ ಹಾಕಿದೆವು. ಆದರೆ ‘ಕೂತೆ’ಗೆ ಮೂರೇ ಮಾತ್ರೆ, ಒಂದು ಕಡಿಮೆ ಬಿತ್ತು. ತುಂಬಲು ‘ಕೂತೆನು’ ಹಾಕಿ ನೋಡಿದೆವು, ಮತ್ತೆ ಪಠ್ಯಪುಸ್ತಕ. ಕೊನೆಗೆ ಅದನ್ನು ಹಾಗೇ ಖಾಲಿ ಬಿಟ್ಟೆವು. ಒಂದು ಮಾತ್ರೆಯಷ್ಟು ಮೌನ. ಗಾಯಕಿಗೆ ಉಸಿರು ತೆಗೆದುಕೊಳ್ಳಲು ಜಾಗ ಸಿಕ್ಕಿತು, ಕಾಯುತ್ತಾ ಕೂತವರ ಆ ಸುಮ್ಮನಿರುವಿಕೆಯೂ ಸಾಲಿನೊಳಗೆ ಬಂತು. ಅವತ್ತೇ ಎರಡನೇ ಸಾಲೂ ಸಿಕ್ಕಿತು.

ಕೊನೆಯ ಬಸ್ಸಿಗೆ ಕಾದು ಕೂತೆ
ಮನೆಯ ದಾರಿಯ ದೀಪ ನೆನೆದೆ

‘ಕೊನೆಯ’, ‘ಮನೆಯ’ ಎರಡನೇ ಅಕ್ಷರದಲ್ಲಿ ಪ್ರಾಸ ಹಿಡಿದವು. ಸಾಲಿನ ಕೊನೆಯ ಪ್ರಾಸಕ್ಕಿಂತ ನಮ್ಮ ಭಾಷೆಯಲ್ಲಿ ಈ ಆದಿಪ್ರಾಸ ಹಳೆಯದು, ಹಾಡಿನಲ್ಲಿ ಇದರ ಪ್ರಯೋಜನ ಬಹಳ. ಸಾಲು ಶುರುವಾಗುತ್ತಿದ್ದ ಹಾಗೇ ಕಿವಿ ಗುರುತು ಹಿಡಿಯುತ್ತದೆ.

ಇಲ್ಲಿ ನಿಮ್ಮ ತಬಲಾ ಕಲಿತ ಗೆಳೆಯನ ಮಾತು ಬರುತ್ತದೆ. ಅವನು ನಿಮ್ಮ ತಂಡದ ದೊಡ್ಡ ಆಸ್ತಿ. ರೂಪಕ ತಾಲ ಅವನಿಗೆ ನೀರು ಕುಡಿದಷ್ಟು ಸುಲಭ: ತಿಂ ತಿಂ ನಾ, ಧಿಂ ನಾ, ಧಿಂ ನಾ. ಏಳು ಮಾತ್ರೆ. ರೂಪಕದ ವಿಶೇಷ ಅಂದರೆ ತಾಲದ ಮೊದಲ ಮಾತ್ರೆಯಾದ ಸಮ್‌ನಲ್ಲೇ ಖಾಲಿ. ಮೊದಲ ಮೂರು ಮಾತ್ರೆಯಲ್ಲಿ ಎಡಗೈ ಗುಂ ಅನ್ನುವುದಿಲ್ಲ. ರಾಕ್ ಡ್ರಮ್ಸ್ ಕಲಿತವರ ಕಾಲು ತಾನಾಗಿ ಒಂದನೇ ಎಣಿಕೆಗೆ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಒತ್ತುತ್ತದೆ. ಆ ತಂಡದ ಡ್ರಮ್ಮರ್ ಹಾಗೆ ಒತ್ತಿದಾಗ ‘ಕೊನೆಯ’ ಅನ್ನುವ ಹಗುರ ಪದದ ಮೇಲೆ ಕಲ್ಲು ಬಿದ್ದ ಹಾಗಾಗುತ್ತಿತ್ತು. ರೂಪಕದಂತೆ ಮೊದಲ ಮೂರಕ್ಕೆ ಬರೀ ರಿಮ್ (ಡ್ರಮ್ಮಿನ ಅಂಚು) ಮೇಲೆ ಕೋಲು, ನಾಲ್ಕಕ್ಕೆ ಮತ್ತು ಆರಕ್ಕೆ ಕಿಕ್ ಮಾಡು ಅಂದೆ. ‘ಬಸ್ಸಿಗೆ’ಯ ‘ಬ’ ಗುರು, ಅಂದರೆ ಎರಡು ಮಾತ್ರೆಯದು, ಅದರ ಅಡಿಗೆ ಸರಿಯಾಗಿ ಕಿಕ್ ಬಂತು. ಮುಂದಿನ ಸುತ್ತಿನಲ್ಲಿ ‘ಕೂತೆ’ಯ ‘ಕೂ’ ಅಡಿಗೆ ಬಂತು. ಮಾತಿನ ಭಾರ ಎಲ್ಲಿದೆಯೋ ಅಲ್ಲೇ ಡ್ರಮ್ಸಿನ ಭಾರ. ಅಲ್ಲಿಯವರೆಗೆ ಏಳು ಎಣಿಸುತ್ತಾ ಹಣೆ ಗಂಟಿಕ್ಕಿದ್ದ ಹುಡುಗರು ಎಣಿಸುವುದನ್ನೇ ಬಿಟ್ಟರು. ಬರೀ ಸಾಲನ್ನು ಕೇಳಿಕೊಂಡು ನುಡಿಸಿದರು.

ಶ್ರುತಿ ಮತ್ತು ಕಾರ್ಡ್ ಬಗ್ಗೆ. ಆ ಸಾಲಿಗೆ ಅವಳ ಗಂಟಲಲ್ಲಿ ಬಂದ ಸ್ವರಗಳು ಸ ರಿ ಗ ಪ ದ. ಈ ರಾಗವನ್ನು ನೀವು ಭೂಪ್ ಅನ್ನುತ್ತೀರಿ, ಮೈಸೂರಿನ ಕಡೆ ಮೋಹನ. ಗಿಟಾರಿನವನು ಓಪನ್ ತಂತಿ ಚೆನ್ನಾಗಿ ಮೊಳಗುತ್ತದೆ ಅಂತ ಇ ಶ್ರುತಿಯಲ್ಲಿ ಶುರು ಮಾಡಿದ್ದ. ಅವಳಿಗೆ ಮೇಲಿನ ರಿಷಭ ಕಿರುಚಬೇಕಾಗುತ್ತಿತ್ತು. ಅಭ್ಯಾಸ ಮುಗಿದು ಎಲ್ಲರೂ ದಣಿದಿದ್ದಾಗ, ಕೂತಲ್ಲೇ, ಮೈಕ್ ಇಲ್ಲದೆ ಆ ಸಾಲು ಹಾಡಿಸಿದೆ. ಸಿ ಶ್ರುತಿಗೆ ಇಳಿದಾಗ ದನಿ ಹಾಯಾಗಿ ಬಂತು. ಶ್ರುತಿ ಗೊತ್ತು ಮಾಡಬೇಕಾದದ್ದು ದಣಿದ ಗಂಟಲು. ಗಿಟಾರಿಗೆ ಕ್ಯಾಪೋ (ತಂತಿಗಳನ್ನು ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್) ಇದೆ, ಗಂಟಲಿಗೆ ಇಲ್ಲ.

ಸಿ ಶ್ರುತಿಯ ಭೂಪ್‌ನಲ್ಲಿ ಎಫ್ ಕಾರ್ಡ್ ಹಾಕಿದರೆ ಅದರೊಳಗೆ ಮಧ್ಯಮ (ಮ) ಇದೆ. ಜಿ ಮೇಜರ್ ಹಾಕಿದರೆ ನಿಷಾದ (ನಿ) ಇದೆ. ರಾಗದಲ್ಲಿ ಇಲ್ಲದ ಈ ಎರಡು ಸ್ವರ ಪ್ರತಿ ಸಾಲಿನಲ್ಲೂ ಒಳಗೆ ಬರುತ್ತಿದ್ದರೆ ರಾಗದ ತಿಳಿ ಹೋಗಿ ಯಾವುದೋ ಮಾಮೂಲಿ ಪಾಪ್ ಹಾಡಿನ ಬಣ್ಣ ಬರುತ್ತದೆ. ಸಿ ಮೇಜರ್ ಮತ್ತು ಎ ಮೈನರ್ ಎರಡರಲ್ಲೂ ಇರುವುದು ರಾಗದ ಸ್ವರಗಳೇ. ಜಿ ಬೇಕಾದಲ್ಲಿ ಜಿ ಮತ್ತು ಡಿ ಎರಡೇ ಸ್ವರ ಮೀಟಿದರೆ ಆಯಿತು, ನಿಷಾದ ಬರುವುದಿಲ್ಲ. ಇಡೀ ಹಾಡನ್ನು ಹೀಗೇ ಕಟ್ಟಿದೆವು. ಎಫ್ ಅನ್ನು ಮಾತ್ರ ಒಂದು ಜಾಗಕ್ಕೆ ಮುಚ್ಚಿಟ್ಟುಕೊಂಡೆವು. ಮೂರನೇ ಚರಣದಲ್ಲಿ ಬಸ್ ಸ್ಟ್ಯಾಂಡಿನ ದೀಪಗಳನ್ನು ಒಂದೊಂದಾಗಿ ಆರಿಸುವ ಸಾಲು ಬರುತ್ತದೆ. ಅಲ್ಲಿ ಒಂದೇ ಒಂದು ಸಲ ಎಫ್ ಬರುತ್ತದೆ. ಮೂರು ನಿಮಿಷ ಕೇಳದ ಮಧ್ಯಮ ಅಲ್ಲಿ ಕೇಳುತ್ತದೆ. ಮೊದಲ ಸಲ ಅದನ್ನು ನುಡಿಸಿದಾಗ ನನ್ನ ಕೈ ರೋಮ ಎದ್ದು ನಿಂತಿತ್ತು.

ವಾದ್ಯ ಹಂಚುವುದರಲ್ಲಿ ಎಲ್ಲ ಹೊಸ ತಂಡಗಳೂ ಮಾಡುವ ತಪ್ಪು ಒಂದೇ. ಎಲ್ಲರೂ ಮೊದಲಿಂದ ಕೊನೆಯವರೆಗೆ ನುಡಿಸುತ್ತಾರೆ. ಸುಮ್ಮನೆ ಕೂತರೆ ತಾನು ತಂಡದಲ್ಲಿ ಇಲ್ಲವೇನೋ ಅನ್ನಿಸುತ್ತದೆ, ಅಲ್ವಾ? ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ಪಲ್ಲವಿ, ಮೊದಲ ಚರಣ, ಬಿಜಿಎಂ (ನಡುವೆ ಬರುವ ಬರೀ ವಾದ್ಯದ ಭಾಗ), ಎರಡನೇ ಚರಣ ಹೀಗೆ ಬರೆಯಿರಿ. ಉದ್ದಕ್ಕೆ ಐದು ಜನರ ಹೆಸರು. ಯಾರು ಎಲ್ಲಿ ನುಡಿಸುವುದಿಲ್ಲವೋ ಆ ಮನೆಗೆ ಕಪ್ಪು ತುಂಬಿ. ಪ್ರತಿಯೊಬ್ಬರಿಗೂ ಕಡಿಮೆ ಅಂದರೆ ಎರಡು ಕಪ್ಪು ಮನೆ ಇರಲೇಬೇಕು. ಆ ಹಾಡಿನಲ್ಲಿ ಮೊದಲ ಪಲ್ಲವಿಗೆ ದನಿ ಮತ್ತು ಒಂದೇ ಗಿಟಾರ್. ಮೊದಲ ಚರಣಕ್ಕೆ ರಿಮ್ ಮೇಲಿನ ಕೋಲು ಮಾತ್ರ. ಎರಡನೇ ಗಿಟಾರ್ ಐದನೇ ಫ್ರೆಟ್‌ಗೆ ಕ್ಯಾಪೋ ಹಾಕಿ ಜಿ ಕಾರ್ಡಿನ ಕೈಯಲ್ಲಿ ನುಡಿಸಿತು. ಸ್ವರ ಸಿ ಮೇಜರೇ, ಆದರೆ ಮೇಲಿನ ಜಾಗದಲ್ಲಿ. ಎರಡೂ ಗಿಟಾರ್ ಒಂದೇ ಜಾಗದಲ್ಲಿ ಒಂದೇ ಕಾರ್ಡ್ ಹೊಡೆದರೆ ಸದ್ದು ಎರಡು ಪಟ್ಟಾಗುತ್ತದೆ, ಹಾಡಿಗೆ ಹೊಸದೇನೂ ಸೇರುವುದಿಲ್ಲ, ದನಿ ಬೇರೆ ಮುಚ್ಚಿಹೋಗುತ್ತದೆ.

ಬೇಸ್ ಎರಡನೇ ಪಲ್ಲವಿಯವರೆಗೆ ಬರಲೇ ಇಲ್ಲ. ಬಂದಾಗಲೂ ಮೊದಲು ನುಡಿಸಿದ್ದು ಒಂದೇ ಸ್ವರ. ‘ಕೂತೆ’ ಆದ ಮೇಲೆ ಖಾಲಿ ಬಿಟ್ಟಿದ್ದೆವಲ್ಲ ಒಂದು ಮಾತ್ರೆ, ಅಲ್ಲಿ. ಮೊದಲ ಪಲ್ಲವಿಯಲ್ಲಿ ಮೌನವಿದ್ದ ಜಾಗದಲ್ಲಿ ಈಗ ಕೆಳಗಿನ ಪಂಚಮ ಗುಂ ಅನ್ನುತ್ತದೆ. ಬೇಸ್ ನುಡಿಸುವವನಾಗಿ ಹೇಳುತ್ತೇನೆ, ಆ ಒಂದು ಸ್ವರಕ್ಕಾಗಿ ಒಂದೂವರೆ ನಿಮಿಷ ಕಾಯುವುದು ನೂರು ಸ್ವರ ನುಡಿಸುವುದಕ್ಕಿಂತ ಹೆಚ್ಚು ಖುಷಿ ಕೊಡುತ್ತದೆ.

ಚರಣಗಳಿಗೆ ಅವಸರ ಮಾಡಬೇಡಿ. ಪಲ್ಲವಿ ಸಿಕ್ಕ ದಿನವೇ ಮೂರು ಚರಣ ಬರೆದು ಮುಗಿಸುವವರಿದ್ದಾರೆ, ಮೂರೂ ಒಂದೇ ಮಾತನ್ನು ಬೇರೆ ಬೇರೆ ಪದದಲ್ಲಿ ಹೇಳುತ್ತವೆ. ಪ್ರತಿ ಚರಣದಲ್ಲಿ ಕಣ್ಣಿಗೆ ಕಾಣುವ ಒಂದು ಹೊಸ ವಸ್ತು ಬರಲಿ. ಆ ಹುಡುಗಿ ಮತ್ತೆ ಎರಡು ರಾತ್ರಿ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಕೂತು ಬಂದಳು. ಕಡಲೆಕಾಯಿ ಮಾರುವವನು ಪೊಟ್ಟಣ ಕಟ್ಟಿಕೊಂಡು ಮನೆಗೆ ಹೊರಟದ್ದು, ಕಂಡಕ್ಟರ್ ಬೆರಳ ಸಂದಿಯಲ್ಲಿ ನೋಟು ಮಡಚಿಟ್ಟುಕೊಂಡದ್ದು, ದೀಪ ಆರಿಸಿದ್ದು ಎಲ್ಲ ಹಾಗೆ ಬಂದವು.

ಈಗ ಐದು ಜನರ ಮಾತಿನ ವಿಷಯ. ಪ್ರತಿ ಹಾಡಿಗೂ ಒಬ್ಬ ಯಜಮಾನ ಇರಲಿ. ಸೊಲ್ಲು ಯಾರದ್ದೋ ಅವರೇ ಆ ಹಾಡಿನ ಯಜಮಾನರು. ಮುಂದಿನ ಹಾಡಿಗೆ ಬೇರೆಯವರು. ಎರಡು ಅಭಿಪ್ರಾಯ ಬಂದರೆ ವಾದ ಮಾಡುತ್ತಾ ಕೂರಬೇಡಿ, ಎರಡನ್ನೂ ನುಡಿಸಿ. ಒಂದೊಂದನ್ನು ಎರಡೆರಡು ಸಲ, ಪೂರ್ತಿ ಮನಸ್ಸಿಟ್ಟು. ಬೇರೆಯವರ ಐಡಿಯಾವನ್ನು ಬೇಕಂತಲೇ ಸಪ್ಪೆಯಾಗಿ ನುಡಿಸಿ ಸೋಲಿಸುವುದು ತಂಡದೊಳಗಿನ ಅತಿ ದೊಡ್ಡ ಅನ್ಯಾಯ. ರೆಕಾರ್ಡ್ ಮಾಡಿ, ಅವತ್ತು ತೀರ್ಮಾನ ಬೇಡ, ಮರುದಿನ ಬೆಳಿಗ್ಗೆ ಕೇಳಿ. ಯಜಮಾನ ಹೇಳಿದ್ದೇ ಕೊನೆ.

ನಿಮ್ಮ ಮೂವತ್ತು ತುಣುಕನ್ನೂ ಹೀಗೇ ಜಾಲಿಸಿ. ಗಿಟಾರ್ ಕೈಯಲ್ಲಿ ಹಿಡಿದು ಕೇಳಬೇಡಿ, ನಡೆಯುತ್ತಾ ಕೇಳಿ. ಭಾನುವಾರ ಕೇಳಿದ್ದರಲ್ಲಿ ಬುಧವಾರ ಸ್ನಾನ ಮಾಡುವಾಗ ಯಾವುದು ಬಾಯಿಗೆ ಬರುತ್ತದೋ ಅದಷ್ಟೇ ಇರಲಿ. ಎರಡೋ ಮೂರೋ ಉಳಿಯುತ್ತವೆ. ಸಾಕು.

ಸೊಲ್ಲು ಸಿಗುತ್ತಲೇ ಇಲ್ಲ ಅನ್ನಿಸಿದರೆ ಅಭ್ಯಾಸಕ್ಕೆ ಶಿಶುನಾಳ ಶರೀಫರ ಒಂದು ಪದ ತೆಗೆದುಕೊಳ್ಳಿ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಈ ಹಿರಿಯರು ನಿಮ್ಮ ಸೀಮೆಯವರೇ. ಅವರ ಪದಗಳು ಸಾವಿರಾರು ಬಾಯಿ ದಾಟಿ ಬಂದವು, ಹಾಡಲು ತೊಡಕಾಗುವ ಒಂದು ಅಕ್ಷರವೂ ಅಲ್ಲಿ ಉಳಿದಿಲ್ಲ. ರಘು ದೀಕ್ಷಿತ್ ಅವರ ತಂಡ 2008ರ ತನ್ನ ಮೊದಲ ಆಲ್ಬಂನಲ್ಲಿ ಶರೀಫರ ಪದಗಳನ್ನು ತನ್ನದೇ ರೀತಿಯಲ್ಲಿ ಹಾಡಿತು, ಶರೀಫರ ಹೆಸರೇ ಕೇಳಿರದ ಊರುಗಳಲ್ಲೂ ಜನ ಕುಣಿದರು. ಪದ ಗಟ್ಟಿ ಇದ್ದರೆ ಎಲೆಕ್ಟ್ರಿಕ್ ಗಿಟಾರನ್ನೂ ತಡೆದುಕೊಳ್ಳುತ್ತದೆ ಅಂತ ಅದನ್ನು ಕೇಳಿದಾಗ ನನಗೆ ಮನದಟ್ಟಾಯಿತು. ಆದರೆ ಒಂದು ಎಚ್ಚರಿಕೆ. ಶರೀಫರ ಪದಗಳ ಮೇಲೆ ಕೃತಿಸ್ವಾಮ್ಯ ಇಲ್ಲ. ಸಿ. ಅಶ್ವತ್ಥ್ ಆ ಪದಗಳಿಗೆ ಹಾಕಿದ ರಾಗ ಮಾತ್ರ ಬೇರೆ ಕೃತಿ. ಅಶ್ವತ್ಥ್ ತೀರಿಕೊಂಡದ್ದು 2009ರಲ್ಲಿ. ನಮ್ಮ ಕಾನೂನಿನಲ್ಲಿ ಕರ್ತೃ ಹೋದ ಮೇಲೂ 60 ವರ್ಷ ಹಕ್ಕು ಇರುತ್ತದೆ. ಹಾಗೇ 1981ರಲ್ಲಿ ಹೋದ ಬೇಂದ್ರೆಯವರ ಕವಿತೆಗೆ ರಾಗ ಹಾಕಿ ಹೊರತರುವುದಾದರೆ 2041 ಮುಗಿಯುವವರೆಗೆ ಹಕ್ಕು ಇರುವವರ ಒಪ್ಪಿಗೆ ಬೇಕು. ಹೋಗಿ ಕೇಳಿ, ಲಿಖಿತವಾಗಿ ಪಡೆಯಿರಿ.

ಹೆಸರಿನ ಪ್ರಶ್ನೆಯನ್ನು ನೀವು ಕೊನೆಯಲ್ಲಿ ಕೇಳಿದ್ದೀರಿ. ನಾನಾದರೆ ಮೊದಲೇ ಕೂತು ಮಾತಾಡಿ ಅನ್ನುತ್ತೇನೆ. ನನ್ನ ಮೊದಲ ಬ್ಯಾಂಡ್ ಒಡೆದದ್ದು ಇದಕ್ಕೇ. ಒಂದು ಹಾಡಿಗೆ ಒಬ್ಬನ ಹೆಸರಷ್ಟೇ ಬಂತು, ಆರು ತಿಂಗಳು ಜೊತೆಗೆ ಬೆವರು ಸುರಿಸಿದ ಉಳಿದವರ ಹೆಸರು ಬರಲಿಲ್ಲ. ಅಲ್ಲಿಂದ ಮಾತು ನಿಂತಿತು, ಇವತ್ತಿಗೂ ನಿಂತೇ ಇದೆ. ನಮ್ಮ ಕಾನೂನು ಸಾಹಿತ್ಯವನ್ನು ಒಂದು ಕೃತಿ, ಸಂಗೀತವನ್ನು ಇನ್ನೊಂದು ಕೃತಿ ಅಂತ ನೋಡುತ್ತದೆ. ಬರೆದವರಿಗೂ ರಾಗ ಹಾಕಿದವರಿಗೂ ರಾಯಧನ ಬರುತ್ತದೆ, 2012ರ ತಿದ್ದುಪಡಿ ಆ ಹಕ್ಕನ್ನು ಇನ್ನಷ್ಟು ಗಟ್ಟಿ ಮಾಡಿತು. ಆದರೆ ರಿಮ್ ಮೇಲೆ ಕೋಲಿಡು ಅಂತ ಹೊಳೆದವನಿಗೆ, ಒಂದು ಮಾತ್ರೆ ಖಾಲಿ ಬಿಡು ಅಂದವನಿಗೆ ಅಲ್ಲಿ ತಾನಾಗಿ ಪಾಲು ಸಿಗುವುದಿಲ್ಲ. ಅಮೆರಿಕದ ಆರ್‌ಇಎಂ ತಂಡ ಹಾಡುಗಳಿಗೆ ನಾಲ್ವರ ಹೆಸರನ್ನೂ ಸಮನಾಗಿ ಹಾಕುತ್ತಿತ್ತು. ಕೋಣೆಯಲ್ಲಿ ಐದೂ ಜನ ಕೂತು ಕಟ್ಟಿದ ಹಾಡಾದರೆ ಐದೂ ಹೆಸರು ಹಾಕಿ, ಸಮಪಾಲು ಮಾಡಿ ಅಂತಲೇ ನನ್ನ ಸಲಹೆ. ಏನೇ ತೀರ್ಮಾನ ಮಾಡಿದರೂ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಹಾಡಿಗೆ ಬೆಲೆ ಬರುವ ಮೊದಲೇ ಇದು ಮುಗಿದಿರಲಿ. ಆಮೇಲೆ ರಾಯಧನ ಸಂಗ್ರಹಿಸಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್‌ನಲ್ಲಿ ಸದಸ್ಯರಾಗಿ ಹಾಡನ್ನು ನೋಂದಾಯಿಸಿ.

ಇನ್ನು ಮುಗಿಯಿತು ಅಂತ ಗೊತ್ತಾಗುವುದು. ಕೋಣೆಯೊಳಗೆ ಅದು ಗೊತ್ತಾಗುವುದೇ ಇಲ್ಲ. ಆ ಬಸ್ಸಿನ ಹಾಡು ಮೊದಲ ಸಲ ಪೂರ್ತಿಯಾದಾಗ 5 ನಿಮಿಷ 40 ಸೆಕೆಂಡ್ ಇತ್ತು. ಹಾಡು ಶುರುವಾಗುವ ಮೊದಲು ಬರೀ ವಾದ್ಯವೇ 40 ಸೆಕೆಂಡ್. ಸೊಲ್ಲನ್ನು ಅಷ್ಟು ಹೊತ್ತು ಬಾಗಿಲಾಚೆ ನಿಲ್ಲಿಸುವುದು ಯಾಕೆ ಅಂತ ಕೇಳಿ ಅದನ್ನು 8 ಸೆಕೆಂಡಿಗೆ ಇಳಿಸಿದೆವು. ನಂತರ ಒಂದು ಸಣ್ಣ ಕಾರ್ಯಕ್ರಮದಲ್ಲಿ, ನಲವತ್ತು ಐವತ್ತು ಜನರ ಮುಂದೆ, ಮೂರನೇ ಹಾಡಾಗಿ ಇಟ್ಟೆವು. ಹೊಸ ಹಾಡನ್ನು ಮೊದಲನೆಯದಾಗಿ ಇಡಬೇಡಿ, ಕಿವಿ ಇನ್ನೂ ತೆರೆದಿರುವುದಿಲ್ಲ. ಕೊನೆಗೂ ಬೇಡ, ಜನ ಚಪ್ಪಲಿ ಹುಡುಕುತ್ತಿರುತ್ತಾರೆ. ಹಿಂದಿನ ಗೋಡೆಗೆ ಒರಗಿ ನಾನು ಜನರನ್ನಷ್ಟೇ ನೋಡುತ್ತಾ ನಿಂತೆ. ಎರಡನೇ ಪಲ್ಲವಿಯಲ್ಲಿ ಮುಂದಿನ ಸಾಲಿನ ಇಬ್ಬರ ತುಟಿ ಅಲ್ಲಾಡಿತು. ದೀಪ ಆರುವ ಸಾಲಿಗೆ ಎಫ್ ಬಂದಾಗ ಯಾರೂ ಕದಲಲಿಲ್ಲ. ಆದರೆ ಎರಡನೇ ಬಿಜಿಎಂನಲ್ಲಿ, ಗಿಟಾರ್ ಇನ್ನೂ ಅರ್ಧ ದಾರಿಯಲ್ಲಿರುವಾಗಲೇ, ನಾಲ್ಕೈದು ಜನ ಮೊಬೈಲ್ ತೆಗೆದರು. ಮರುದಿನ ಆ ಬಿಜಿಎಂ ಅರ್ಧಕ್ಕೆ ಇಳಿಯಿತು. ಹಾಡು 4 ನಿಮಿಷ 10 ಸೆಕೆಂಡಿಗೆ ಬಂದು ನಿಂತಿತು. ಮುಂದಿನ ಕಾರ್ಯಕ್ರಮದಲ್ಲಿ ಆ ಜಾಗದಲ್ಲಿ ಯಾರೂ ಮೊಬೈಲ್ ನೋಡಲಿಲ್ಲ. ಆಮೇಲೆ ಆ ಹಾಡನ್ನು ನಾವು ಮುಟ್ಟಿಲ್ಲ.